ಸಾಮಾನಿನ ಹೆಸರು ನಮ್ಮದು, ನಂಬರು ಯಾರದು?

(ಬಳ್ಳಾರಿಯಲ್ಲಿ ಕನ್ನಡ ಯುವಕರ ಕೂಟವೊಂದರಲ್ಲಿ ನಗರದ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಿಷನ್ನಿನ ಮುಂದೆ ನಿಂತವನು. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು, ಜಾತ್ರೆಯ ಪೋಸ್ಟರು, ಇವೇ ನನ್ನ ಸಾಹಿತ್ಯ. ಅಂಗಡಿಯ ಬೋರ್ಡು, ಬ್ಯಾಂಕಿನ ಚಲನ್ನು, ರೈಲ್ವೆ ಪರೀಕ್ಷೆ, ಇವುಗಳ ಬಗ್ಗೆ ನಮ್ಮ ಸಭೆಗಳಲ್ಲಿ ನೀವು ಬೇಕಾದಷ್ಟು ಕೇಳಿದ್ದೀರಿ. ಅವು ಬೇಕು, ಬೇಡ ಅನ್ನುವುದಿಲ್ಲ. ಆದರೆ ಇವತ್ತು ನಾನು ಗ್ರೀಸು ಮೆತ್ತಿಕೊಂಡ ಕನ್ನಡದ ಬಗ್ಗೆ ಮಾತಾಡುತ್ತೇನೆ. ಕಾರು ರಿಪೇರಿ ಗ್ಯಾರೇಜಿನ ಕನ್ನಡ. ಆ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಿರುವ ಎಲೆಕ್ಟ್ರಾನಿಕ್ ಪಾರ್ಟ್ಸ್ ಕ್ಯಾಟಲಾಗ್, ಅಂದರೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆರೆಯುವ ಬಿಡಿಭಾಗಗಳ ಪಟ್ಟಿ, ಅದರ ಬಗ್ಗೆ.

ನನಗೂ ಕಾರಿಗೂ ಏನು ಸಂಬಂಧ ಅಂತ ಕೇಳುತ್ತೀರಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಈ ಮೂರೂ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಬಿಲ್ ಬುಕ್ಕು, ಸ್ಟಾಕ್ ರಿಜಿಸ್ಟರು ಅಚ್ಚು ಹಾಕಿಕೊಡುವವನು ನಾನು. ಹೊಸ ಬುಕ್ಕು ಮಾಡಿಸಲು ಬರುವವರು ಮಾದರಿಗೆ ಅಂತ ಹಳೆಯದನ್ನು ತಂದು ಟೇಬಲ್ಲಿನ ಮೇಲೆ ಹಾಕುತ್ತಾರೆ. ಆ ಕಾರ್ಬನ್ ಪ್ರತಿ ಓದುವುದು ನನ್ನ ಚಟ. ‘ವಿವರ’ ಅನ್ನುವ ಕಾಲಮ್ಮಿನಲ್ಲಿ ನಮ್ಮ ಜನ ಬರೆದಿರುತ್ತಾರೆ: ‘ಸೆಲ್ಫ್ 1’, ‘ಡೈನಮೋ ಬೆಲ್ಟು 1’, ‘ಶಾಕಬ್ಸರ್ ಜೋಡಿ’, ‘ಡಿಕ್ಕಿ ಲಾಕು’, ‘ಸೈಲೆನ್ಸರ್ ರಬ್ಬರು 2’. ಇಂಗ್ಲಿಷು, ಉರ್ದು, ತೆಲುಗು ಎಲ್ಲ ಬೆರೆತ ಮಾತು. ಬೆರೆತರೇನು? ಮೇಸ್ತ್ರಿಗಳು ತಲೆಮಾರುಗಟ್ಟಲೆ ಬಳಸಿ ಸವೆಸಿದ ಮಾತು ಅದು. ನನ್ನ ಲೆಕ್ಕದಲ್ಲಿ ಅದು ಕನ್ನಡವೇ.

ಈಗ ಕಂಪನಿಯ ಕ್ಯಾಟಲಾಗಿನಲ್ಲಿ ಹೋಗಿ ‘ಸೆಲ್ಫ್’ ಅಂತ ಹುಡುಕಿ. ಸಿಗುವುದಿಲ್ಲ. ಅಲ್ಲಿ ಅದರ ಹೆಸರು ‘ಸ್ಟಾರ್ಟರ್ ಅಸೆಂಬ್ಲಿ’. ನಮ್ಮ ಡೈನಮೋ ಅಲ್ಲಿ ‘ಆಲ್ಟರ್ನೇಟರ್’. ನಮ್ಮ ಸೈಲೆನ್ಸರ್ ಅಲ್ಲಿ ‘ಮಫ್ಲರ್’. ಡಿಕ್ಕಿಯ ಬಾಗಿಲು ‘ಬ್ಯಾಕ್ ಡೋರ್’. ತಮಾಷೆ ನೋಡಿ, ನಾವು ಯಾವುದನ್ನು ಇಂಗ್ಲಿಷು ಎಂದುಕೊಂಡು ನಾಚುತ್ತಿದ್ದೆವೋ ಅದು ಆ ಕ್ಯಾಟಲಾಗಿಗೆ ಇಂಗ್ಲಿಷೇ ಅಲ್ಲ! ಬ್ರಿಟಿಷರ ಕಾಲದ ಮಾತು ನಮ್ಮಲ್ಲಿ ಉಳಿದು ಕನ್ನಡವಾಯಿತು. ಕಂಪನಿಯದು ಜಪಾನು, ಅಮೆರಿಕದ ದಾರಿ ಹಿಡಿದು ಬಂದ ಇನ್ನೊಂದು ಇಂಗ್ಲಿಷು. ನಡುವೆ ಸಿಕ್ಕಿಕೊಂಡವನು ಪಾನಾ ಹಿಡಿದ ನಮ್ಮ ಹುಡುಗ.

ಸಿಕ್ಕಿಕೊಂಡರೆ ಏನಾಗುತ್ತದೆ? ಸಿರುಗುಪ್ಪದ ಕಥೆ ಕೇಳಿ. ಇಲ್ಲಿಂದ ಸುಮಾರು 55 ಕಿಲೋಮೀಟರು. ಭತ್ತದ ಕೊಯ್ಲು ನಡೆದಿದೆ, ರೈಸ್ ಮಿಲ್ಲುಗಳ ಮುಂದೆ ಸಾಲು ನಿಂತಿದೆ. ಒಬ್ಬ ರೈತನ ಗಾಡಿ ಕ್ಲಚ್ಚು ಹೋಗಿ ಗ್ಯಾರೇಜಿನಲ್ಲಿ ಕೂತಿದೆ. ಗ್ಯಾರೇಜಿನ ಹುಡುಗ ಹಳೆಯ ಸಾಮಾನು ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಕೈಚೀಲದಲ್ಲಿ ಇಟ್ಟುಕೊಂಡು ಬಳ್ಳಾರಿ ಬಸ್ಸು ಹತ್ತುತ್ತಾನೆ. ‘ಸ್ಯಾಂಪಲ್’ ಅಂತ ಅದರ ಹೆಸರು. ಅಂಗಡಿಯಲ್ಲಿ ಕೇಳುತ್ತಾರೆ, “ಯಾವ ಮಾಡಲ್ಲಪ್ಪ?” “ಸ್ವಿಫ್ಟ್ ಡೀಸೆಲ್ರೀ ಅಣ್ಣ, 2011.” “ಹಳೇ ಶೇಪೋ, ಹೊಸ ಶೇಪೋ?” ಹುಡುಗ ಬ್ಬೆಬ್ಬೆಬ್ಬೆ. ಯಾಕೆಂದರೆ 2011ರ ಆಗಸ್ಟಿನಲ್ಲಿ ಸ್ವಿಫ್ಟಿನ ಎರಡನೇ ತಲೆಮಾರಿನ ಗಾಡಿ ಬಂತು. ಅದಕ್ಕೆ ಮುಂಚಿನದೂ 2011, ಆಮೇಲಿನದೂ 2011! ಅಂಗಡಿಯವರು ಕಣ್ಣಂದಾಜಿನಲ್ಲಿ ಒಂದು ಕೊಡುತ್ತಾರೆ. ಸಂಜೆ ಸಿರುಗುಪ್ಪದಲ್ಲಿ ಕೂಡಿಸಿದರೆ ಕೂಡುವುದಿಲ್ಲ. ಮರುದಿನ ಮತ್ತೆ ಬಸ್ಸು. ಬಿಚ್ಚಿ ತೊಡಿಸಿದ ಸಾಮಾನಿಗೆ ಗ್ರೀಸು ಹತ್ತಿದೆ, ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುತ್ತಾರೆ. ಬಸ್ ಚಾರ್ಜು ಹುಡುಗನದು, ಎರಡು ದಿನ ರೈತನದು, ಮರ್ಯಾದೆ ಗ್ಯಾರೇಜಿನದು. ರೈತ ಏನಂತಾನೆ? “ಇವರಿಗೆ ಗೊತ್ತಾಗಂಗಿಲ್ಲ, ಮುಂದಿನ ಸಲ ಶೋರೂಮಿಗೇ ಬಿಡ್ತೀನಿ.” ಹೀಗೆ ಒಂದು ಗಿರಾಕಿ ಹೋಯಿತು. ಗಿರಾಕಿಯ ಹಿಂದೆ ಗ್ಯಾರೇಜು, ಗ್ಯಾರೇಜಿನ ಹಿಂದೆ ನಾಲ್ಕು ಹುಡುಗರ ಅನ್ನ.

ನಂಬರಿನ ಒಳಗೆ ಏನಿದೆ

ಈ ಅವಾಂತರಕ್ಕೆ ಇರುವ ಮದ್ದೇ ಕ್ಯಾಟಲಾಗು. ಅದು ಇವತ್ತು ಹುಟ್ಟಿದ್ದಲ್ಲ. ಮೊದಲು ದಪ್ಪ ಪುಸ್ತಕವಾಗಿತ್ತು. ಆಮೇಲೆ ಮೈಕ್ರೋಫಿಶ್ ಬಂತು, ಅಂಗೈಯಗಲದ ಫಿಲ್ಮಿನ ಹಾಳೆ, ನೂರಾರು ಪುಟಗಳನ್ನು ಇರುವೆಯಷ್ಟು ಚಿಕ್ಕದು ಮಾಡಿ ಅದರಲ್ಲಿ ಹಿಡಿಸಿ ದೀಪದ ಯಂತ್ರದಲ್ಲಿ ಇಟ್ಟು ಓದುವುದು. 1990ರ ದಶಕದಲ್ಲಿ ಅದೆಲ್ಲ ಸಿ.ಡಿ.ಗೆ ಇಳಿಯಿತು. ಈಗ ಇಂಟರ್‌ನೆಟ್ಟಿನಲ್ಲಿದೆ. ಪುಸ್ತಕ ಅಚ್ಚು ಹಾಕುವ ನನ್ನಂಥವನು ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ: ಈ ಕೆಲಸಕ್ಕೆ ಪುಸ್ತಕಕ್ಕಿಂತ ಕಂಪ್ಯೂಟರೇ ಮೇಲು. ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ನಾಲ್ಕು ನಂಬರು ಬದಲಾಗಿರುತ್ತವೆ.

ಅದರ ಜೀವಾಳ ಚಿತ್ರ. ಗೇರ್‌ಬಾಕ್ಸು ಇದೆ ಅಂತಿಟ್ಟುಕೊಳ್ಳಿ. ಅದರ ಒಂದೊಂದೇ ಸಾಮಾನು ಬಿಚ್ಚಿ, ಯಾವುದರ ಮುಂದೆ ಯಾವುದು ಕೂರಬೇಕೋ ಅದೇ ಸಾಲಿನಲ್ಲಿ, ಕಾಣದ ದಾರದಲ್ಲಿ ಗಾಳಿಯಲ್ಲಿ ತೂಗುಹಾಕಿದ ಹಾಗೆ ಬರೆದಿರುತ್ತಾರೆ. ಪ್ರತಿ ಸಾಮಾನಿನ ಪಕ್ಕ ಒಂದು ಅಂಕಿ. ಆ ಅಂಕಿ ಮುಟ್ಟಿದರೆ ಪಾರ್ಟ್ ನಂಬರು, ಗಾಡಿಗೆ ಎಷ್ಟು ಬೇಕು, ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ ತಯಾರಾದ ಗಾಡಿಗೆ ಹೊಂದುತ್ತದೆ, ಎಲ್ಲ ಬರುತ್ತದೆ. ಒಂದು ವಾಷರ್ ಉಳಿದುಹೋಯಿತು, ಎಲ್ಲಿಯದು ಅಂತ ತಲೆ ಕೆರೆದುಕೊಳ್ಳುವ ಹುಡುಗನಿಗೆ ಈ ಚಿತ್ರವೇ ಗುರು. ಚಿತ್ರ ಓದಲು ಇಂಗ್ಲಿಷು ಬೇಕಿಲ್ಲ. ಇದನ್ನು ನೆನಪಿಡಿ.

ಆ ಚಿತ್ರಕ್ಕೆ ಹೋಗುವ ದಾರಿ ಚಾಸಿ ನಂಬರು. ಆರ್‌ಸಿ ಕಾರ್ಡಿನಲ್ಲಿದೆ, ಗಾಡಿಯ ಮೈಮೇಲೆ ಲೋಹದಲ್ಲಿ ಗುದ್ದಿದ್ದಾರೆ. ಹದಿನೇಳು ಅಕ್ಷರ. ತೀರಾ ಹಳೆಯ ಗಾಡಿಗಳಲ್ಲಿ ಇದಕ್ಕಿಂತ ಗಿಡ್ಡವೂ ಇರುತ್ತದೆ. ಮೊದಲ ಮೂರು ಅಕ್ಷರ ತಯಾರಕನ ಕುಲಗೋತ್ರ: ಎಂ-ಎ-3 ಅಂದರೆ ಮಾರುತಿ ಸುಜುಕಿ, ಎಂ-ಎ-ಟಿ ಟಾಟಾ, ಎಂ-ಎ-1 ಮಹೀಂದ್ರ, ಎಂ-ಎ-ಎಲ್ ಹ್ಯುಂಡೈ, ಎಂ-ಬಿ-ಜೆ ಅಂದರೆ ನಮ್ಮ ಬಿಡದಿಯ ಟೊಯೊಟಾ. ಹದಿನೇಳನ್ನೂ ತಪ್ಪಿಲ್ಲದೆ ಹೊಡೆದರೆ ಕ್ಯಾಟಲಾಗು ನೀವು ಕೇಳದೆಯೇ ಹೇಳುತ್ತದೆ: ಇಂಥ ಮಾಡಲ್ಲು, ಇಂಥ ಇಂಜಿನ್ನು, ಇಂಥ ಗೇರ್‌ಬಾಕ್ಸು, ಇಂಥ ತಿಂಗಳಲ್ಲಿ ತಯಾರಾದದ್ದು. ‘ಹಳೇ ಶೇಪೋ ಹೊಸ ಶೇಪೋ’ ಅನ್ನುವ ಪ್ರಶ್ನೆಯೇ ಇಲ್ಲ. ಸಿರುಗುಪ್ಪದ ಹುಡುಗ ಬಸ್ಸು ಹತ್ತಬೇಕಾಗಿರಲಿಲ್ಲ, ಆರ್‌ಸಿಯ ಫೋಟೋ ಒಂದು ವಾಟ್ಸಾಪಿನಲ್ಲಿ ಕಳಿಸಿದ್ದರೆ ಸಾಕಿತ್ತು.

ಈ ಹದಿನೇಳರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಎಂದೂ ಬರುವುದಿಲ್ಲ. ಒಂದಕ್ಕೂ ಸೊನ್ನೆಗೂ ಅವು ಗಲಿಬಿಲಿ ಆಗುತ್ತವೆ ಅಂತ ಮೊದಲೇ ಕಿತ್ತುಹಾಕಿದ್ದಾರೆ. ಪ್ರೂಫ್ ತಿದ್ದುವವನಾಗಿ ಆ ನಿಯಮ ಮಾಡಿದವರಿಗೆ ನಾನು ಕೈಮುಗಿದೆ. ನಮ್ಮ ಕನ್ನಡದಲ್ಲಿ ಸೊನ್ನೆ ಅಂಕಿಗೂ ಅನುಸ್ವಾರದ ಸೊನ್ನೆಗೂ ಇದೇ ಗೋಳು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ಕಂಪನಿ’ ಅಂತ ಬರೆಯುವಾಗ ಅಂಕಿಯ ಸೊನ್ನೆ ಹಾಕಿದರೆ ಆ ಪದ ಹುಡುಕಾಟದಲ್ಲಿ ಎಂದೆಂದಿಗೂ ಸಿಗುವುದಿಲ್ಲ. ಮುಂದೆ ಇದರ ಉಪಯೋಗ ಹೇಳುತ್ತೇನೆ.

ಇನ್ನು ಪಾರ್ಟ್ ನಂಬರು. ಅದು ಲಾಟರಿ ನಂಬರಲ್ಲ, ಅದಕ್ಕೊಂದು ವ್ಯಾಕರಣವಿದೆ. ಟೊಯೊಟಾದ ನಂಬರಿನಲ್ಲಿ ಮೊದಲ ಐದು ಅಂಕಿ ಸಾಮಾನು ಯಾವುದು ಅಂತ ಹೇಳಿದರೆ, ಮುಂದಿನ ಐದು ಯಾವ ಗಾಡಿಗೆ ಅಂತ ಹೇಳುತ್ತವೆ. 04465 ಅಂತ ಶುರುವಾದರೆ ಮುಂದಿನ ಚಕ್ರದ ಬ್ರೇಕ್ ಪ್ಯಾಡು. 2000ದ ಕ್ವಾಲಿಸಿಗೂ ಅದೇ, 2005ರಲ್ಲಿ ಬಂದ ಇನ್ನೋವಾಕ್ಕೂ ಅದೇ ಶುರು, ಬಾಲ ಮಾತ್ರ ಬೇರೆ. ಬಾಷ್ ಕಂಪನಿಯದು ಹತ್ತು ಅಂಕಿ. 0 445 110 ಅಂತ ಶುರುವಾದರೆ ಕಾಮನ್ ರೈಲ್ ಡೀಸೆಲ್ ಇಂಜೆಕ್ಟರು. ಬಾಷ್ ಅಂದರೆ ಹೊರಗಿನದೇನಲ್ಲ, 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ. ಹೆಸರು ಬದಲಾಗಿ ಎಷ್ಟೋ ವರ್ಷವಾದರೂ ಹಳೆಯ ಮೇಸ್ತ್ರಿಗಳು ಇನ್ನೂ ಮೈಕೋ ಪ್ಲಗ್ಗು ಅಂತಲೇ ಅನ್ನುತ್ತಾರೆ. ಬೇರಿಂಗಿನ ನಂಬರಂತೂ ಇನ್ನೂ ಚೆಂದ. 6205 ಅಂತ ಬರೆದಿದ್ದರೆ ಕೊನೆಯ 05ನ್ನು ಐದರಿಂದ ಗುಣಿಸಿ. 25. ಒಳಗಿನ ತೂತು 25 ಮಿಲಿಮೀಟರು. 6206 ಆದರೆ 30. ಜರ್ಮನಿಯಲ್ಲೂ ಅದೇ, ಜಪಾನಿನಲ್ಲೂ ಅದೇ, ನಮ್ಮ ಕೌಲ್ ಬಜಾರಿನಲ್ಲೂ ಅದೇ. ಇಲ್ಲಿ ಇಂಗ್ಲಿಷು ಎಲ್ಲಿದೆ, ಹೇಳಿ? ಐದರ ಮಗ್ಗಿ ಬಂದರೆ ಸಾಕು!

ಮತ್ತೊಂದು ವಿಷಯ, ಇದರಲ್ಲಿ ದುಡ್ಡಿದೆ. 1248 ಸಿಸಿಯ ಒಂದು ಡೀಸೆಲ್ ಇಂಜಿನ್ನು ಇತ್ತು. ಮೂಲ ಫಿಯಟ್‌ನದು. ಅದನ್ನೇ ಮಾರುತಿ ಸ್ವಿಫ್ಟು, ಡಿಸೈರಿಗೆ ಹಾಕಿತು. ಟಾಟಾ ಇಂಡಿಕಾ ವಿಸ್ಟಾಕ್ಕೆ ಹಾಕಿತು. ಫಿಯಟ್ ತನ್ನ ಪುಂಟೋಕ್ಕೆ ಹಾಕಿತು. ಮೂರು ಕಂಪನಿ, ಮೂರು ಬಾನೆಟ್ಟು, ಒಳಗೆ ಒಂದೇ ಹೃದಯ. ಆದರೆ ಒಂದೇ ಸಾಮಾನಿಗೆ ಮೂರು ಕಂಪನಿಯವರು ಮೂರು ನಂಬರು ಇಟ್ಟುಕೊಂಡಿದ್ದಾರೆ. ಇಂಥ ಕಡೆ ಬೇಕಾಗುವುದು ಎಲ್ಲ ಕಂಪನಿಯ ನಂಬರನ್ನೂ ಎದುರುಬದುರು ಇಟ್ಟು ತೋರಿಸುವ ಕ್ಯಾಟಲಾಗು. ಜರ್ಮನಿಯಲ್ಲಿ 1990ರ ದಶಕದಲ್ಲಿ ಬಿಡಿಭಾಗ ತಯಾರಕರು ಸೇರಿಕೊಂಡು ಟೆಕ್‌ಡಾಕ್ ಅಂತ ಅಂಥದ್ದೊಂದು ಕಟ್ಟಿದರು. ಕಾರು ಕಂಪನಿಯ ಹಂಗಿಲ್ಲದೆ ಸ್ವತಂತ್ರ ಅಂಗಡಿಗಳು ಬದುಕಲಿಕ್ಕೆ ಅಲ್ಲಿ ಅದು ದೊಡ್ಡ ಆಸರೆಯಾಯಿತು. ಆದರೆ ಎದುರುಬದುರು ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಇಂಜಿನ್ನಿನ ಒಳಗಿನ ಸಾಮಾನು ಒಂದೇ ಆದರೂ ಅದನ್ನು ಗಾಡಿಗೆ ಕಟ್ಟುವ ಫೌಂಡೇಶನ್ನು, ಪೈಪು, ವೈರಿಂಗು ಬೇರೆ ಇರುತ್ತವೆ.

ಎಡ ಬಲದ ಮಾತೂ ಹೇಳಿಬಿಡುತ್ತೇನೆ, ಹುಡುಗರು ಇದರಲ್ಲಿ ಬಹಳ ಏಟು ತಿನ್ನುತ್ತಾರೆ. ಗಾಡಿಯ ಮುಂದೆ ನಿಂತು ನೋಡಿದ ಎಡ ಅಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡಿದಾಗ ಯಾವ ಕೈ ಕಡೆಗೋ ಅದೇ ಕ್ಯಾಟಲಾಗಿನ ಎಡ, ಬಲ.

ಬಾಗಿಲು ಯಾರ ಕೈಲಿ?

ಇಷ್ಟು ಒಳ್ಳೆಯದಿದ್ದರೆ ಎಲ್ಲ ಗ್ಯಾರೇಜಿನಲ್ಲೂ ಯಾಕಿಲ್ಲ? ಇಲ್ಲಿಗೆ ಬಂತು ನೋಡಿ ರಾಜಕೀಯ. ಕಂಪನಿಗಳು ಕ್ಯಾಟಲಾಗನ್ನು, ರಿಪೇರಿ ಪುಸ್ತಕವನ್ನು, ಗಾಡಿಯ ರೋಗ ಹೇಳುವ ಸ್ಕ್ಯಾನರನ್ನು ತಮ್ಮ ಅಧಿಕೃತ ಡೀಲರುಗಳ ಕೈಯಲ್ಲಿ ಮಾತ್ರ ಇಟ್ಟುಕೊಂಡಿದ್ದವು. ಇದರ ಮೇಲೆ ಭಾರತದ ಸ್ಪರ್ಧಾ ಆಯೋಗಕ್ಕೆ 2011ರಲ್ಲಿ ದೂರು ಹೋಯಿತು. 2014ರ ಆಗಸ್ಟ್ 25ರಂದು ಆಯೋಗ ಆದೇಶ ಕೊಟ್ಟಿತು. 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ! ಬಿಡಿಭಾಗವನ್ನೂ ಸ್ಕ್ಯಾನರನ್ನೂ ಹೊರಗಿನ ಗ್ಯಾರೇಜಿಗೆ ಸಿಗುವ ಹಾಗೆ ಮಾಡಿ, ಬಿಡಿಭಾಗದ ವಿವರ, ಗರಿಷ್ಠ ಮಾರಾಟ ಬೆಲೆ ಎಲ್ಲ ನಿಮ್ಮ ವೆಬ್‌ಸೈಟಿನಲ್ಲಿ ಸಾರ್ವಜನಿಕರಿಗೆ ಕಾಣುವ ಹಾಗೆ ಹಾಕಿ ಅಂತ ಹೇಳಿತು. ಕಂಪನಿಗಳು ಸುಮ್ಮನಿರುತ್ತವೆಯೇ? ಮೇಲ್ಮನವಿ, ಹೈಕೋರ್ಟು, ಅಲ್ಲಿಂದ ಮೇಲೆ. ಕೇಸು ವರ್ಷಗಟ್ಟಲೆ ಸುತ್ತಿತು. ಆದರೂ ಆ ಆದೇಶ ಬಂದ ಮೇಲೆ ‘ಇದು ನಮ್ಮ ಮನೆಯ ಗುಟ್ಟು’ ಅಂತ ಕಂಪನಿಗಳು ಮುಂಚಿನ ಹಾಗೆ ಎದೆತಟ್ಟಿ ಹೇಳುವ ಕಾಲ ಹೋಯಿತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಇದನ್ನೇ ಜನಮತಕ್ಕೆ ಹಾಕಿದರು. ಗಾಡಿ ನನ್ನದು, ರಿಪೇರಿ ಎಲ್ಲಿ ಬೇಕಾದರೂ ಮಾಡಿಸುತ್ತೇನೆ, ಮಾಹಿತಿ ಕೊಡಿ ಅಂತ ಜನ ಭಾರಿ ಬಹುಮತದಿಂದ ಗೆಲ್ಲಿಸಿದರು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಅಂತ ಒಂದು ಪೋರ್ಟಲ್ ತೆರೆಯಿತು. ಮೊಬೈಲು, ಮನೆಯ ಯಂತ್ರ, ವಾಹನ, ಕೃಷಿ ಉಪಕರಣ, ನಾಲ್ಕೂ ಅದರಲ್ಲಿವೆ. ಸರಿ. ಆದರೆ ಇವರೆಲ್ಲ ಬಾಗಿಲು ತೆರೆಯುವ ಮಾತಾಡಿದರು, ಯಾವ ಭಾಷೆಯಲ್ಲಿ ತೆರೆಯಬೇಕು ಅಂತ ಕೇಳಲಿಲ್ಲ. ತೆರೆದ ಬಾಗಿಲಿನ ಒಳಗೆ ಕಾಲಿಟ್ಟ ಕುರುಗೋಡಿನ ಹುಡುಗನಿಗೆ ಮಫ್ಲರು, ಬ್ಯಾಕ್ ಡೋರು ಅಂತ ಎದುರಾದರೆ ಅವನಿಗೆ ಅದು ಮುಚ್ಚಿದ ಬಾಗಿಲೇ.

ಪೊಟ್ಟಣದ ಮೇಲಿನ ಚೀಟಿಯ ವಿಷಯವೂ ಇದೆ. ಪೊಟ್ಟಣದ ಸರಕುಗಳ ಬಗ್ಗೆ ಕೇಂದ್ರದ 2011ರ ನಿಯಮ ಏನು ಹೇಳುತ್ತದೆ? ಮೇಲಿನ ವಿವರ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು, ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಬೇರೆ ಭಾಷೆ? ಬೇಕಾದರೆ ಜೊತೆಗೆ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಅಡ್ಡಿಯಿಲ್ಲವಂತೆ! ಬಿಡದಿಯಲ್ಲಿ ತಯಾರಾಗಿ ಬಳ್ಳಾರಿಯಲ್ಲಿ ಮಾರಾಟವಾಗುವ ಸಾಮಾನಿನ ಮೇಲೆ ಕನ್ನಡಕ್ಕೆ ಸಿಕ್ಕ ಸ್ಥಾನ ಅದು, ಅಡ್ಡಿಯಿಲ್ಲ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು: ಕರ್ನಾಟಕದಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಅಂತ. ಆದೇಶ ಆಗಿದೆ. ನೀವು ಮುಂದಿನ ಸಲ ಬೇರಿಂಗೋ ಫಿಲ್ಟರೋ ಕೊಂಡಾಗ ಪೊಟ್ಟಣ ತಿರುಗಿಸಿ ನೋಡಿ. ಎಲ್ಲಿ ತಯಾರಾದದ್ದು ಅಂತ ಓದಿ. ಕರ್ನಾಟಕದ್ದಾಗಿದ್ದು ಕನ್ನಡ ಕಾಣದಿದ್ದರೆ ಫೋಟೋ ತೆಗೆದು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಬರೆಯಿರಿ. ಕಲ್ಲು ಎಸೆಯುವುದಕ್ಕಿಂತ ಅದು ಹೆಚ್ಚು ನಾಟುತ್ತದೆ.

ಪ್ರಾರಂಭಕ ಬೇಡ, ಸೆಲ್ಫ್ ಇರಲಿ

ಈಗ ನಮ್ಮವರ ಜೊತೆಗೇ ಒಂದು ಜಗಳ. ಕನ್ನಡದಲ್ಲಿ ಕ್ಯಾಟಲಾಗು ಬೇಕು ಅಂದ ಕೂಡಲೇ ನಮ್ಮಲ್ಲಿ ಕೆಲವರು ನಿಘಂಟು ಹಿಡಿದು ಕೂರುತ್ತಾರೆ. ಸ್ಟಾರ್ಟರಿಗೆ ‘ಸ್ವಯಂ ಪ್ರಾರಂಭಕ’, ಶಾಕಬ್ಸರಿಗೆ ‘ಆಘಾತ ಶೋಷಕ’. ಸ್ವಾಮೀ, ಆಘಾತ ಶೋಷಕ ಕೊಡಿ ಅಂತ ಕೇಳಿದರೆ ಅಂಗಡಿಯವನಿಗೇ ಆಘಾತವಾಗುತ್ತದೆ! ಕಂಪನಿಯ ಇಂಗ್ಲಿಷು ಹುಡುಗನನ್ನು ಎಷ್ಟು ದೂರ ಇಡುತ್ತದೋ ಈ ಸಂಸ್ಕೃತವೂ ಅಷ್ಟೇ ದೂರ ಇಡುತ್ತದೆ. ಮೇಸ್ತ್ರಿ ಬಾಯಲ್ಲಿ ಏನಿದೆಯೋ ಅದನ್ನು ಕನ್ನಡ ಲಿಪಿಯಲ್ಲಿ ಇಳಿಸಿ, ಅದರ ಎದುರಿಗೆ ಕ್ಯಾಟಲಾಗಿನ ಹೆಸರು ಇಡಿ, ಅದರ ಎದುರಿಗೆ ಯಾವ ಗುಂಪಿನ ಚಿತ್ರದಲ್ಲಿ ಸಿಗುತ್ತದೆ ಅಂತ ಬರೆಯಿರಿ. ಮೂರೇ ಕಾಲಮ್ಮು. ಸೆಲ್ಫ್, ಸ್ಟಾರ್ಟರ್ ಅಸೆಂಬ್ಲಿ, ಎಲೆಕ್ಟ್ರಿಕಲ್ ಗುಂಪು. ಸಾಧಾರಣ ಗ್ಯಾರೇಜಿನಲ್ಲಿ ದಿನವೂ ಬಾಯಿಗೆ ಬರುವ ಸಾಮಾನು ಮುನ್ನೂರು ಇರಬಹುದು. ಮುನ್ನೂರು ಸಾಲಿನ ಪಟ್ಟಿ ನಮ್ಮ ಕೈಯಲ್ಲಿ ಆಗದೇ?

ಒಂದು ಷರತ್ತು. ಅದನ್ನು ಯೂನಿಕೋಡಿನಲ್ಲೇ ಟೈಪು ಮಾಡಬೇಕು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದು ನನ್ನ ಪ್ರೆಸ್ಸಿನಲ್ಲಿ ಅಚ್ಚಿಗೆ ಚೆಂದ ಬರುತ್ತದೆ, ಆದರೆ ಆ ಫಾಂಟಿಲ್ಲದ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷು ಅಕ್ಷರಗಳ ಕಸ. ಅಲ್ಲಿ ಕನ್ನಡ ಪದ ಕೊಟ್ಟು ಹುಡುಕಲು ಆಗುವುದಿಲ್ಲ. ಹುಡುಕಲಾಗದ ಪಟ್ಟಿ ಕ್ಯಾಟಲಾಗಲ್ಲ, ಗೋಡೆಗೆ ಹಚ್ಚುವ ಪೋಸ್ಟರು. ಮತ್ತೆ ಆ ಸೊನ್ನೆ, ಅನುಸ್ವಾರದ ಮಾತು ಮರೆಯಬೇಡಿ.

ಪಟ್ಟಿಯ ಉಪಯೋಗ ಗ್ಯಾರೇಜಿಗಿಂತ ಅಂಗಡಿಗೆ ಹೆಚ್ಚು. ಸಿರುಗುಪ್ಪದ ಒಬ್ಬ ಅಂಗಡಿಯವರು, ಹಿರಿಯರು, ಸ್ಟಾಕ್ ರಿಜಿಸ್ಟರು ಬಿಟ್ಟು ಕಂಪ್ಯೂಟರಿಗೆ ಏರಿಸಲು ಕೂತರು. ಒಂದೇ ಬೇರಿಂಗು ಮೂರು ಡಬ್ಬಿಯಲ್ಲಿ ಮೂರು ಹೆಸರಿನಲ್ಲಿ ಕೂತಿತ್ತು. ಒಂದರ ಮೇಲೆ ‘ಮುಂದಿನ ವೀಲ್ ಬೇರಿಂಗ್’, ಇನ್ನೊಂದರ ಮೇಲೆ ‘ಹಬ್ ಬೇರಿಂಗ್’, ಮೂರನೆಯದರ ಮೇಲೆ ಬರೀ ನಂಬರು. ಒಂದು ಡಬ್ಬಿ ಖಾಲಿಯಾದ ಕೂಡಲೇ ಹುಬ್ಬಳ್ಳಿಗೆ ಫೋನು ಮಾಡಿ ತರಿಸುತ್ತಿದ್ದರು, ಪಕ್ಕದ ಡಬ್ಬಿಯಲ್ಲಿ ಆರು ಇದ್ದವು! ಕಂಪನಿಯವರು ಹಳೆಯ ನಂಬರು ತೆಗೆದು ಹೊಸ ನಂಬರು ಕೊಟ್ಟಿರುತ್ತಾರೆ. ಕ್ಯಾಟಲಾಗಿನಲ್ಲಿ ಹಳೆಯದು ಹೊಡೆದರೆ ಹೊಸದನ್ನು ತೋರಿಸುತ್ತದೆ. ಅದು ಗೊತ್ತಿಲ್ಲದವನು ಹಳೆಯ ನಂಬರಿನ ಸಾಮಾನು ಯಾವುದಕ್ಕೂ ಬಾರದ್ದು ಅಂತ ಅಟ್ಟಕ್ಕೆ ಹಾಕುತ್ತಾನೆ, ಹೊಸ ನಂಬರಿನದನ್ನು ದುಡ್ಡು ಕೊಟ್ಟು ತರುತ್ತಾನೆ. ಆ ಹಿರಿಯರು ಎಲ್ಲಕ್ಕೂ ಒಂದೇ ನಂಬರು ಹಾಕಿ, ಯಾವ ರ‍್ಯಾಕು ಯಾವ ಖಾನೆ ಅಂತ ಬರೆದು, ಎಷ್ಟಕ್ಕೆ ಇಳಿದರೆ ತರಿಸಬೇಕು ಅಂತ ಗುರುತು ಹಾಕಿಕೊಂಡರು. ನಮ್ಮ ಬಳ್ಳಾರಿ ಧೂಳಿಗೆ ಏರ್ ಫಿಲ್ಟರು ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಅಂತ ಕಂಪನಿಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಅದಕ್ಕೇ ಫಿಲ್ಟರಿನ ಗುರುತು ಮೇಲಿಟ್ಟರು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಕ್ಕೆಲ್ಲ ಜಿಎಸ್‌ಟಿ ಶೇಕಡಾ 18ಕ್ಕೆ ಬಂದಾಗ, ಎಲ್ಲ ನಂಬರಿನಲ್ಲಿದ್ದದ್ದರಿಂದ ದರ ತಿದ್ದುವುದು ಅವರಿಗೆ ಒಂದು ಸಂಜೆಯ ಕೆಲಸವಾಯಿತು. ನನಗೆ ಒಂದು ರಿಜಿಸ್ಟರಿನ ಆರ್ಡರು ತಪ್ಪಿತು. ತಪ್ಪಲಿ ಬಿಡಿ.

ಹಾಗಂತ ಕ್ಯಾಟಲಾಗು ದೇವರಲ್ಲ. ಅದಕ್ಕೆ ಗೊತ್ತಿರುವುದು ಗಾಡಿ ಕಾರ್ಖಾನೆಯಿಂದ ಹೊರಟಾಗ ಹೇಗಿತ್ತು ಅನ್ನುವುದು ಮಾತ್ರ. ಆಮೇಲೆ ನಮ್ಮ ರಸ್ತೆಯಲ್ಲಿ ಏನಾಯಿತು ಅದಕ್ಕೆ ತಿಳಿಯದು. ಕುರುಗೋಡಿನ ಮೇಸ್ತ್ರಿಯೊಬ್ಬರು ನನಗೆ ತೋರಿಸಿದರು: ಕ್ಯಾಟಲಾಗಿನ ಪ್ರಕಾರ ತರಿಸಿದ ಬ್ರೇಕ್ ಲೈನರು ಕೂಡುತ್ತಿಲ್ಲ. ನೋಡಿದರೆ ಹಿಂದಿನ ಮಾಲೀಕ ಯಾವುದೋ ಗುಜರಿಯಿಂದ ಬೇರೆ ಗಾಡಿಯ ಹಿಂದಿನ ಹೌಸಿಂಗು ತಂದು ಕೂಡಿಸಿದ್ದಾನೆ. ಅದನ್ನು ಕಂಡುಹಿಡಿದದ್ದು ಕಂಪ್ಯೂಟರಲ್ಲ, ಮೇಸ್ತ್ರಿಯ ಬೆರಳು. “ನಂಬರು ಹೇಳಲಿ, ಕೈ ಮುಟ್ಟಿ ನೋಡಲಿ, ಆಮೇಲೆ ದುಡ್ಡು ಕೊಡು ತಮ್ಮಾ” ಅಂದರು.

ನಕಲಿಯವರೂ ನಂಬರು ಓದಲು ಕಲಿತಿದ್ದಾರೆ. ಪೊಟ್ಟಣದ ಮೇಲೆ ಸರಿಯಾದ ನಂಬರು ಇದೆ ಅಂದಮಾತ್ರಕ್ಕೆ ಒಳಗಿನದು ಅಸಲಿ ಅಲ್ಲ. ಇದನ್ನು ನಾನು ಅಧಿಕಾರದಿಂದ ಹೇಳಬಲ್ಲೆ, ಯಾಕೆಂದರೆ ಕಂಪನಿಯ ಪೊಟ್ಟಣ ಮುಂದಿಟ್ಟು ‘ಇದೇ ಥರ ಎರಡು ಸಾವಿರ ಅಚ್ಚು ಹಾಕಿಕೊಡಿ, ರೇಟು ನೀವೇ ಹೇಳಿ’ ಅಂತ ನನ್ನ ಪ್ರೆಸ್ಸಿಗೇ ಬಂದಿದ್ದರು. ಹೊರಗೆ ಕಳಿಸಿದೆ. ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ ಪ್ರಕಾರ ಅದಕ್ಕೆ ಆರು ತಿಂಗಳಿಂದ ಮೂರು ವರ್ಷ ಜೈಲು, ಜೊತೆಗೆ ದಂಡ. ಜೈಲಿನ ಭಯ ಒಂದು ಕಡೆ ಇರಲಿ, ಆ ಪೊಟ್ಟಣದೊಳಗೆ ಹೋಗುತ್ತಿದ್ದದ್ದು ಬ್ರೇಕ್ ಪ್ಯಾಡು. ಆ ಗಾಡಿ ಓಡುವುದು ನಮ್ಮ ಸಿರುಗುಪ್ಪ ರಸ್ತೆಯಲ್ಲೇ, ಅದರೊಳಗೆ ಕೂರುವುದು ನಮ್ಮ ಮಕ್ಕಳೇ.

ಸರಿ, ಕೆಲಸದ ಮಾತಿಗೆ ಬರುತ್ತೇನೆ. ಬಾಗಿಲ ಹತ್ತಿರ ಖಾಲಿ ಹಾಳೆಗಳ ಒಂದು ಕಟ್ಟು ಇಟ್ಟಿದ್ದೇನೆ, ಮೂರು ಕಾಲಮ್ಮು ಗೀಟು ಹಾಕಿದ್ದು. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡು ಹೋಗಿ. ನಿಮ್ಮ ಓಣಿಯ ಗ್ಯಾರೇಜಿಗೆ ಭಾನುವಾರ ಬಿಟ್ಟು ಬೇರೆ ದಿನ ಹೋಗಿ, ಮೇಸ್ತ್ರಿಗೆ ಒಂದು ಚಹಾ ಹೇಳಿ, ಅವರು ಯಾವ ಸಾಮಾನಿಗೆ ಏನಂತಾರೆ ಅಂತ ಮೊದಲ ಕಾಲಮ್ಮಿನಲ್ಲಿ ಬರೆದುಕೊಳ್ಳಿ. ಕೌಲ್ ಬಜಾರಿನಲ್ಲಿ ಒಂದು ಮಾತು, ಕುರುಗೋಡಿನಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಬರೆಯಿರಿ, ಯಾವುದು ಸರಿ ಅಂತ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ಎರಡನೇ ಕಾಲಮ್ಮು ತುಂಬಲು ಇಂಗ್ಲಿಷು ಬರುವ ಕಾಲೇಜಿನವರು, ವಿಶೇಷವಾಗಿ ಹಿಂದಿನ ಸಾಲಿನಲ್ಲಿ ಕೂತಿರುವ ತಂಗಿಯರು, ಕಂಪ್ಯೂಟರಿನ ಮುಂದೆ ಕೂರಲಿ. ಟೈಪು ಮಾಡಿದ್ದನ್ನು ಪ್ರೂಫ್ ನೋಡುವುದು ನನ್ನ ಪಾಲು. ಮೊದಲ ಐನೂರು ಪ್ರತಿಯ ಕಾಗದ, ಮಸಿ, ಕೂಲಿ ನನ್ನದು, ಮೊಬೈಲಿಗೆ ಹಾಕುವ ಪ್ರತಿಗೆ ಹೇಗೂ ಖರ್ಚಿಲ್ಲ. ಸಿರುಗುಪ್ಪದವರು ಟ್ರ್ಯಾಕ್ಟರಿನ ಸಾಮಾನೂ ಸೇರಿಸಿ ಅಂತ ಈಗಾಗಲೇ ಗಲಾಟೆ ಎಬ್ಬಿಸಿದ್ದಾರೆ. ಅದು ಎರಡನೇ ಸುತ್ತಿಗೆ. ಮೊದಲು ಕ್ಲಚ್ಚು, ಬ್ರೇಕು, ಸ್ಟೇರಿಂಗು, ಈ ಮೂರು ಗುಂಪು ಮುಗಿಸಿ ತನ್ನಿ.